ದೆವ್ವಕ್ಕೆ ಎಷ್ಟು ಗೊತ್ತಿರಬೇಕು?

ಕಾದಂಬರಿಗಳ ಕರಡು ತಿದ್ದುವುದು ನನ್ನ ಕೆಲಸ. ಹದಿಹರೆಯದವರ ಕಥೆಯೊಳಗೆ ದೆವ್ವವೋ ನೆರಳೋ ನುಸುಳಿದ್ದರೆ ಆ ಹಸ್ತಪ್ರತಿ ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ಹಂದರ ಬಹುತೇಕ ಒಂದೇ. ಹದಿನಾರರ ಆಸುಪಾಸಿನ ಹುಡುಗಿ, ಮನೆಯಲ್ಲೊಂದು ಸಾವು, ತಾನು ಯಾರೆಂದು ತನಗೇ ತಿಳಿಯದ ತಳಮಳ, ಕನ್ನಡಿಯಲ್ಲಿ ಇನ್ನೊಂದು ಮುಖ. ಲೇಖಕರು ಕೇಳುವ ಮೊದಲ ಪ್ರಶ್ನೆಯೂ ಒಂದೇ: ‘ದೆವ್ವ ನಿಜವೋ ಮನಸ್ಸಿನ ಆಟವೋ ಅಂತ ಕೊನೆಗೆ ಹೇಳಲೇಬೇಕಾ?’

ಹೇಳಬೇಕಿಲ್ಲ. ಸಹಜ ಕಾರಣ, ಅಲೌಕಿಕ ಕಾರಣ ಇವೆರಡರ ನಡುವೆ ಓದುಗ ತೂಗಾಡುವಷ್ಟು ಹೊತ್ತೇ ಇಂಥ ಬರವಣಿಗೆಯ ಆಯುಷ್ಯ ಎಂದು ಸಾಹಿತ್ಯ ವಿಮರ್ಶಕ ತ್ಸ್ವೆತಾನ್ ತೊದೊರೊವ್ 1970ರಲ್ಲೇ ಬರೆದರು. ಹೆನ್ರಿ ಜೇಮ್ಸ್ 1898ರಲ್ಲಿ ಪ್ರಕಟಿಸಿದ ‘ದ ಟರ್ನ್ ಆಫ್ ದ ಸ್ಕ್ರೂ’ ಕಥೆಯ ದೆವ್ವಗಳು ನಿಜವೋ ಭ್ರಮೆಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ ಆ ತೂಗಾಟ ಓದುಗನದ್ದು. ಬರೆಯುವವರೇ ತೂಗಾಡುತ್ತಿದ್ದರೆ ಕರಡಿನಲ್ಲಿ ಅದು ಎದ್ದು ಕಾಣುತ್ತದೆ.

ಹಾಗಾಗಿ ನಾನು ಕೇಳುವ ಪ್ರಶ್ನೆ ಬೇರೆ: ನಿಮ್ಮ ದೆವ್ವಕ್ಕೆ ಏನೇನು ಗೊತ್ತು? ಹುಡುಗಿಗೆ ಗೊತ್ತಿರುವುದನ್ನಷ್ಟೇ ಅದು ಹೇಳುತ್ತಿದ್ದರೆ ಎರಡೂ ಬಾಗಿಲು ತೆರೆದಿವೆ. ಅವಳು ಎಂದೂ ನೋಡದ ಪತ್ರ ಯಾವ ಪೆಟ್ಟಿಗೆಯಲ್ಲಿದೆ ಎಂದು ಅದು ಹೇಳಿತೋ, ಒಂದು ಬಾಗಿಲು ಮುಚ್ಚಿತು. ಮುಚ್ಚಲಿ, ತಪ್ಪೇನಿಲ್ಲ, ಆದರೆ ಅದು ಲೇಖಕರಿಗೆ ತಿಳಿದೇ ಆಗಬೇಕು. ಒಂದು ಹಸ್ತಪ್ರತಿಯಲ್ಲಿ ಮೂರನೇ ಅಧ್ಯಾಯದಲ್ಲೇ ತಮ್ಮನಿಗೂ ಹೆಜ್ಜೆ ಸಪ್ಪಳ ಕೇಳಿಸಿತ್ತು. ರೋಚಕವಾಗಿರಲಿ ಎಂದು ಸೇರಿಸಿದ ಒಂದೇ ಸಾಲು. ಮುಂದಿನ ಪುಟಗಳೆಲ್ಲ ‘ಇದೆಲ್ಲ ಅವಳ ಭ್ರಮೆಯಾ?’ ಎಂದು ಹೆಣಗುತ್ತಿದ್ದವು, ಉತ್ತರ ಆಗಲೇ ಸೋರಿಹೋಗಿತ್ತು. ಈಗ ಪ್ರತಿ ಅಲೌಕಿಕ ಘಟನೆಯ ಪಕ್ಕದ ಅಂಚಿನಲ್ಲಿ ಬರೆದಿಡುತ್ತೇನೆ: ಬೇರೆ ಯಾರು ಕಂಡರು, ಬೆಳಿಗ್ಗೆಗೆ ಏನು ಗುರುತು ಉಳಿಯಿತು, ಇದು ಅವಳಿಗೆ ಮೊದಲೇ ತಿಳಿದಿರಲು ಸಾಧ್ಯವೇ.

ಮನಸ್ಸಿನ ಕಡೆಯ ಬಾಗಿಲನ್ನು ತೆರೆದಿಡಲು ರೋಗದ ಹೆಸರೇ ಬೇಕೆಂದು ಬಹಳ ಜನ ಅಂದುಕೊಳ್ಳುತ್ತಾರೆ. ಕೊನೆಯ ಅಧ್ಯಾಯದಲ್ಲಿ ‘ಅವಳಿಗೆ ಸ್ಕಿಜೋಫ್ರೇನಿಯಾ’ ಎಂಬ ತಿರುವು ಬಂದರೆ ನಾನು ನಿರ್ದಾಕ್ಷಿಣ್ಯವಾಗಿ ಗೆರೆ ಎಳೆಯುತ್ತೇನೆ. ಆ ಕಾಯಿಲೆಯೊಂದಿಗೆ ಬದುಕುತ್ತಿರುವವರಿಗೆ ಅದು ಅನ್ಯಾಯ, ಕಥೆಗಂತೂ ಸೋಮಾರಿತನ. ರೋಗವಿಲ್ಲದ ಮನಸ್ಸೂ ಬೇಕಾದಷ್ಟು ಕಾಣಿಸುತ್ತದೆ. ಡೆವಿ ರೀಸ್ ಎಂಬ ವೈದ್ಯರು 1971ರಲ್ಲಿ ಪ್ರಕಟಿಸಿದ ವೇಲ್ಸ್‌ನ ಅಧ್ಯಯನದಲ್ಲಿ, ಸಂಗಾತಿಯನ್ನು ಕಳೆದುಕೊಂಡ 293 ಜನರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ತೀರಿಕೊಂಡವರು ಹತ್ತಿರವೇ ಇದ್ದಂತೆ ಅನ್ನಿಸಿತ್ತು, ಕೆಲವರಿಗೆ ಕಂಡದ್ದೂ ಕೇಳಿಸಿದ್ದೂ ಉಂಟು. ಇನ್ನು ನಿದ್ರಾ ಪಾರ್ಶ್ವವಾಯು: ಎಚ್ಚರವಾಗಿರುತ್ತದೆ, ಕನಸಿನ ಹಂತದಲ್ಲಿ ಸಡಿಲಗೊಂಡ ಸ್ನಾಯುಗಳು ಮಾತ್ರ ಇನ್ನೂ ಮಾತು ಕೇಳುವುದಿಲ್ಲ, ಎದೆಯ ಮೇಲೆ ಯಾರೋ ಕೂತ ಭಾರ. ಹದಿಹರೆಯದಲ್ಲಿ ಇದು ಅಪರೂಪವೇನಲ್ಲ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲಿ ಮುಂದಿಟ್ಟ ‘ಕಾಲ್ಪನಿಕ ಪ್ರೇಕ್ಷಕರು’ ಎಂಬ ವಿಚಾರ. ಈ ವಯಸ್ಸಿನಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಹಾಗಾದರೆ ಕಿಟಕಿಯಾಚೆ ನಿಂತು ದಿಟ್ಟಿಸುವ ಆಕೃತಿ ಎಷ್ಟು ದೂರದ್ದು? ತರಗತಿಯ ನಗು ಮತ್ತು ಕಿಟಕಿಯ ಕಣ್ಣು ಒಂದೇ ದಿನದೊಳಗೆ ಬಂದರೆ ಸಾಕು, ವಿವರಣೆ ಬೇಕಾಗುವುದಿಲ್ಲ.

ಅಸ್ಮಿತೆಯ ಹುಡುಕಾಟವನ್ನು ಹಲವರು ಸ್ವಗತದಲ್ಲಿ ತುಂಬಿಸುತ್ತಾರೆ. ‘ನಾನು ಯಾರು?’ ಎಂದು ಪುಟಗಟ್ಟಲೆ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಹೇಳಿದ ಹದಿಹರೆಯದ ಬಿಕ್ಕಟ್ಟು ಬರೀ ಯೋಚನೆಯಲ್ಲ; ಪಾತ್ರಗಳನ್ನು ತೊಟ್ಟು ನೋಡುವುದು, ಕಳಚುವುದು. ಒಂದು ಕರಡಿನಲ್ಲಿ ಸತ್ತ ಅಕ್ಕನ ನೆರಳು ತಂಗಿಯನ್ನು ಹೊಕ್ಕಿತ್ತು. ಮೊದಲು ಬರೀ ಕಿರುಚಾಟ. ಅಕ್ಕ ಇವಳಿಗೆ ಏನು ಕೊಡುತ್ತಾಳೆ ಎಂದು ಕೇಳಿದೆ. ಮುಂದಿನ ಕರಡಿನಲ್ಲಿ ತಂಗಿ ಅಕ್ಕನ ಅಂಗಿ ತೊಟ್ಟು, ಅಕ್ಕನ ಹಾಗೆ ತಲೆ ವಾಲಿಸಿ ಮಾತಾಡಿದಳು. ತಿಂಗಳುಗಳ ನಂತರ ತಾಯಿ ನಕ್ಕಳು. ನನಗೆ ನಿಜಕ್ಕೂ ಭಯವಾದದ್ದು ಅಲ್ಲಿ. ದೆವ್ವ ಹಿಡಿದದ್ದು ಅವಳಿಗೆ ಹಿತವಾಗಿತ್ತು. ಸಿದ್ಧವಾದೊಂದು ‘ನಾನು’ ಕೈಗೆ ಸಿಕ್ಕಿದಾಗ ಯಾರು ಬೇಡ ಅನ್ನುತ್ತಾರೆ?

(ಆ ನೆರಳು ‘ನನ್ನ ಜೊತೆ ಬಂದುಬಿಡು’ ಎಂದು ಕರೆಯುವ ದೃಶ್ಯವಿದ್ದರೆ ನಾನು ಬಿಗಿ. ಆತ್ಮಹತ್ಯೆಯ ವಿಧಾನವನ್ನು ವಿವರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ಹೇಳುವುದನ್ನೇ ಕಾದಂಬರಿಗೂ ಅನ್ವಯಿಸುತ್ತೇನೆ. ಇದರಲ್ಲಿ ಚರ್ಚೆಯಿಲ್ಲ.)

ಅದೇ ಕರಡಿನ ಅಂತ್ಯದಲ್ಲಿ ಮಂತ್ರವಾದಿ ಬಂದು ಅಕ್ಕನನ್ನು ಬಿಡಿಸುತ್ತಿದ್ದ. ಅದು ಹಳೆಯದಾಯಿತೆಂದು ಲೇಖಕಿ ಅವನ ಜಾಗಕ್ಕೆ ಮನೋವೈದ್ಯೆಯನ್ನು ತಂದರು. ಎರಡೂ ಒಂದೇ ಎಂದೆ. ಹುಡುಗಿ ಮಾಡಬೇಕಾದ ಕೆಲಸವನ್ನು ದೊಡ್ಡವರೊಬ್ಬರು ಮಾಡಿ ಮುಗಿಸಿದರು. ಸ್ವಲ್ಪ ಮುನಿಸಾಯಿತು, ವಾರಗಟ್ಟಲೆ ಉತ್ತರವಿರಲಿಲ್ಲ. ಕೊನೆಗೆ ಬಂದ ಕರಡಿನಲ್ಲಿ ವೈದ್ಯೆ ಉಳಿದಿದ್ದಾಳೆ, ಆದರೆ ಪ್ರಶ್ನೆ ಕೇಳುತ್ತಾಳೆ ಅಷ್ಟೆ. ಅಂಗಿ ಬಿಚ್ಚಿಡುವುದು ಹುಡುಗಿಯೇ, ಅದೂ ತಾಯಿಯ ಎದುರಿಗೆ. ತಾಯಿ ಅವಳೊಂದಿಗೆ ಮಾತು ಬಿಡುತ್ತಾಳೆ. ಅಕ್ಕ ನಿಜವಾಗಿ ಬಂದಿದ್ದಳೋ ಇಲ್ಲವೋ ಎಂದು ಲೇಖಕಿ ನನಗೂ ಹೇಳಿಲ್ಲ. ಅಂಚಿನ ಟಿಪ್ಪಣಿಗಳನ್ನು ತಾಳೆ ಹಾಕಿದರೆ ಎರಡೂ ಲೆಕ್ಕ ಸರಿಹೋಗುತ್ತವೆ. ಮುದ್ರಣಕ್ಕೆ ಕಳಿಸಿದ್ದೇನೆ.