ರೊಂಡಾ ಕಣಿವೆಯ ತೋಳುಪಟ್ಟಿ

ವೇಲ್ಸ್‌ನ ಕಾರ್ಡಿಫ್‌ನಲ್ಲಿ ರೈಲು ಹತ್ತುವಾಗಲೂ ಮಳೆ, ರೊಂಡಾ ಕಣಿವೆಯ ಟ್ರೆಹಾವೊಡ್‌ನಲ್ಲಿ ಇಳಿಯುವಾಗಲೂ ಮಳೆ. ಛತ್ರಿ ಬಿಡಿಸಿದವಳು ನಾನೊಬ್ಬಳೇ. ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆಗೆ ಲೂಯಿಸ್ ಮರ್ಥರ್ ಕಲ್ಲಿದ್ದಲು ಗಣಿ. 1983ರಲ್ಲಿ ಮುಚ್ಚಿದ್ದು, ಈಗ ಮ್ಯೂಸಿಯಂ.

ಗಣಿ ತೋರಿಸಲು ಬಂದವರು ಇಲ್ಲೇ ದುಡಿದು ರಿಟೈರ್ ಆದವರು. ಎಲ್ಲರೂ ಯಂತ್ರದ ಫೋಟೋ ತೆಗೆಯುತ್ತಿದ್ದಾಗ ಅವರು ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಅವರ ತಾತನ ತೋಳುಪಟ್ಟಿ. ಖಾಕಿ ಬಟ್ಟೆ, ಮೇಲೆ ಕಪ್ಪಗೆ ಎಲ್‌ಡಿವಿ ಎಂಬ ಅಕ್ಷರ, ಅಂದರೆ ಲೋಕಲ್ ಡಿಫೆನ್ಸ್ ವಾಲಂಟಿಯರ್ಸ್, ಊರು ಕಾಯುವ ಸ್ವಯಂಸೇವಕರ ದಳ. ಅಂಚಿನಲ್ಲಿ ಕೈಹೊಲಿಗೆ. 'ತಾತನ ತೋಳು ದಪ್ಪ, ಅಜ್ಜಿ ತುಂಡು ಸೇರಿಸಿ ಹೊಲಿದಳು' ಅಂದರು.

ಎರಡನೇ ಮಹಾಯುದ್ಧದ ಹೊತ್ತು. 1940ರ ಮೇ 14ರಂದು ಬ್ರಿಟನ್ನಿನ ಯುದ್ಧ ಮಂತ್ರಿ ಆಂಥನಿ ಈಡನ್ ರೇಡಿಯೋದಲ್ಲಿ ಕರೆ ಕೊಟ್ಟರು. 17ರಿಂದ 65 ವರ್ಷದ ಗಂಡಸರು ಊರು ಕಾಯಲು ಬನ್ನಿ, ಸಂಬಳ ಇಲ್ಲ. ಗಣಿಯವರನ್ನು ಸೈನ್ಯ ಕರೆಯುತ್ತಿರಲಿಲ್ಲ, ಕಲ್ಲಿದ್ದಲು ಅಷ್ಟು ಬೇಕಿತ್ತು. ಹಾಗಾಗಿ ಹಗಲೆಲ್ಲ ನೆಲದಡಿ ಅಗೆದು, ರಾತ್ರಿ ಗುಡ್ಡದ ಮೇಲೆ ಪ್ಯಾರಾಚೂಟ್ ಇಳಿಯುತ್ತಾ ಅಂತ ನೋಡುತ್ತಾ ಕೂರುವುದು. ಮೊದಮೊದಲು ಬಂದೂಕೂ ಸಾಲದು. ಕೈಗೆ ಸಿಕ್ಕಿದ ದೊಣ್ಣೆಯೇ ಗತಿ. ಜೂನ್‌ನಿಂದ ಚರ್ಚಿನ ಗಂಟೆಯೂ ಬಂದ್. ಅದು ಬಾರಿಸಿದರೆ ಜರ್ಮನ್ನರು ಬಂದರು ಅಂತ ಅರ್ಥ.

ನನಗೆ ತಮಾಷೆ ಅನ್ನಿಸಿದ್ದು ಬೇರೆ. ಇಲ್ಲಿಂದ ಮೂರನೇ ಸ್ಟೇಷನ್ ಟೋನಿಪಾಂಡಿ. 1910ರ ಮುಷ್ಕರದಲ್ಲಿ ಗಣಿಯವರಿಗೂ ಪೊಲೀಸರಿಗೂ ಹೊಡೆದಾಟವಾಗಿ, ಕಣಿವೆಗೆ ಸೈನ್ಯ ಬಂದಿತ್ತು. ಆಗ ಗೃಹ ಮಂತ್ರಿ ಚರ್ಚಿಲ್. ಆ ಸಿಟ್ಟು ಇಲ್ಲಿನವರಿಗೆ ಇನ್ನೂ ಆರಿಲ್ಲ. ಮೂವತ್ತು ವರ್ಷದ ಮೇಲೆ ಅದೇ ಚರ್ಚಿಲ್ ಪ್ರಧಾನಿ. ಈ ದಳಕ್ಕೆ 'ಹೋಮ್ ಗಾರ್ಡ್' ಅಂತ ಹೆಸರು ಹಾಕಿಸಿದ್ದೂ ಅವರೇ. 'ಹಾಗಿದ್ದೂ ನಿಮ್ಮ ತಾತ ಹೇಗೆ ಸೇರಿದರು?' ಅಂದೆ.

'ಅವನಿಗೋಸ್ಕರ ಯಾರು ಸೇರಿದರು! ಕಣಿವೆ ನಮ್ದಲ್ವಾ?'

ಆಮೇಲೆ ಅವರೇ ಕೇಳಿದರು, ನಿಮ್ಮ ಕಡೆ ಗಣಿ ಇದೆಯಾ ಅಂತ. ಇದೆ, ನಮ್ಮ ತಾತ ಕೆಜಿಎಫ್‌ನ ಚಾಂಪಿಯನ್ ರೀಫ್‌ನಲ್ಲಿದ್ದರು ಅಂದೆ. ಅಲ್ಲೂ ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಅಂತ ಕಾವಲು ಪಡೆ ಇತ್ತು. ಆದರೆ ಅದಕ್ಕೆ ಸೇರಲು ಬಿಳಿಯರಾಗಿರಬೇಕು, ಇಲ್ಲವೇ ಆಂಗ್ಲೋ ಇಂಡಿಯನ್. ಕೂಲಿಯವರ ಕೈಗೆ ಬಂದೂಕು ಕೊಡುವ ಮಾತೇ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತೋಳುಪಟ್ಟಿ ಮಡಚತೊಡಗಿದರು. ನಾನೂ ಮಾತು ಬದಲಿಸಿದೆ.

ಮಧ್ಯಾಹ್ನ ಟ್ರಿಯಾರ್ಕಿಗೆ ಹೋಗಿ, ಅಲ್ಲಿಂದ ಕೂಮ್‌ಪಾರ್ಕ್‌ವರೆಗೆ ನಡೆದೆ. ಒಂದಕ್ಕೊಂದು ಅಂಟಿಕೊಂಡ ಗಣಿ ಕಾರ್ಮಿಕರ ಮನೆಗಳು, ಹಿಂದೆಯೇ ಗುಡ್ಡ. 1941ರ ಏಪ್ರಿಲ್ ಕೊನೆಯ ಒಂದು ರಾತ್ರಿ ಇಲ್ಲಿ ಬಾಂಬ್ ಬಿದ್ದು 27 ಜನ ಸತ್ತರು. ಲಂಡನ್ನಿನಲ್ಲಿ ಬಾಂಬ್ ಕಾಟ, ಇಲ್ಲಾದರೂ ಕ್ಷೇಮವಾಗಿರಲಿ ಅಂತ ಕಳಿಸಿದ್ದ ಮಕ್ಕಳೂ ಅದರಲ್ಲಿದ್ದರು. ಪ್ಯಾರಾಚೂಟ್ ಕೊನೆಗೂ ಇಳಿಯಲಿಲ್ಲ. 1944ರ ಡಿಸೆಂಬರ್‌ನಲ್ಲಿ ಹೋಮ್ ಗಾರ್ಡ್‌ಗೆ ಇನ್ನು ಸಾಕು ಅಂದರು.

ಹೊತ್ತು ಮುಳುಗುವಾಗ ಮಳೆ ನಿಂತಿತ್ತು. ಛತ್ರಿ ಮಡಚಿ ಸ್ಟೇಷನ್ ಕಡೆ ಇಳಿದೆ. ಎಲ್ಲೋ ಚರ್ಚಿನ ಗಂಟೆ ಬಾರಿಸಿತು. ಒಂದು ಕ್ಷಣ ನಾನು ಗುಡ್ಡದ ಕಡೆ ನೋಡಿದೆ.