ಪಾತ್ರೆ ತೊಳೀತಾ ಕರೂಸೊ

ಒಂದು ವಾರದಿಂದ ಪಾತ್ರೆ ತೊಳೀವಾಗ್ಲೂ ಕಿವೀಲಿ ಇಟಲಿಯ ಒಪೆರಾ ಗಾಯಕ ಎನ್ರಿಕೊ ಕರೂಸೊ. ಇಟಾಲಿಯನ್ ಒಂದಕ್ಷರ ಬರಲ್ಲ ನಂಗೆ, ಒಪೆರಾ (ಹಾಡಲ್ಲೇ ನಡೆಯೋ ನಾಟಕ) ಅಂದ್ರೆ ಗಂಟಲು ಹರ್ಕೊಳ್ಳೋದು ಅಂದ್ಕೊಂಡಿದ್ದೆ, ಆದ್ರೆ 1902ರ ಆ ರೆಕಾರ್ಡ್ ಇದ್ಯಲ್ಲ, 'ಊನಾ ಫುರ್ತೀವಾ ಲಾಗ್ರಿಮಾ' ಅಂತ, ಕಾದ ಕಾವಲಿಗೆ ನೀರು ಚಿಮುಕಿಸಿದ ಥರ ಚರಚರ ಸದ್ದು, ಅದರ ಹಿಂದಿಂದ ದನಿ ಎದ್ದು ಬರುತ್ತೆ ನೋಡಿ, ನಲ್ಲಿ ನಿಲ್ಲಿಸಿ ನಿಂತ್ಬಿಟ್ಟೆ.

ಹುಟ್ಟಿದ್ದು 1873, ನೇಪಲ್ಸ್‌ನ ಬಡವರ ಮನೇಲಿ, ಅಪ್ಪ ಮೆಕ್ಯಾನಿಕ್. ಹೊರಗೆಲ್ಲ ಹೆಸರು ಮಾಡಿ 1901ರಲ್ಲಿ ಹುಟ್ಟೂರಿನ ಸಾನ್ ಕಾರ್ಲೊ ಥಿಯೇಟರ್‌ನಲ್ಲಿ ದೊನಿಜೆಟ್ಟಿ ಸಂಗೀತ ಬರೆದ 'ಲೆಲಿಸೀರ್ ದಮೋರೆ' ಅನ್ನೋ ಒಪೆರಾ ಹಾಡಿದ್ರೆ ಅಲ್ಲಿಯವರು ಮೂಗು ಮುರಿದ್ರು. ಇವನಿಗೂ ಸಿಟ್ಟು. ಇನ್ನು ಈ ಊರಿಗೆ ಬಂದ್ರೆ ಊಟಕ್ಕೆ ಮಾತ್ರ, ಹಾಡೋಕಲ್ಲ ಅಂದ್ನಂತೆ, ಹಾಗೇ ನಡ್ಕೊಂಡ ಕೂಡ.

ಕೆಲವೇ ತಿಂಗಳಿಗೆ, 1902ರ ಏಪ್ರಿಲ್‌ನಲ್ಲಿ, ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮಿಲಾನ್‌ನ ಹೋಟೆಲ್ ರೂಮಲ್ಲಿ ಇವನಿಂದ ಹತ್ತು ಹಾಡು ಹಾಡಿಸ್ಕೊಂಡ, ನೂರು ಪೌಂಡಿಗೆ. ಮೈಕ್ ಎಲ್ಲಿತ್ತು ಆಗ, ದೊಡ್ಡ ಕೊಳವೆ ಮುಂದೆ ನಿಂತು ಹಾಡ್ಬೇಕು, ಪಿಟೀಲು ಗಿಟೀಲು ಅದ್ರಲ್ಲಿ ಸರಿಯಾಗಿ ಸಿಗ್ತಾನೇ ಇರ್ಲಿಲ್ಲ, ಇವನ ತುಂಬು ದನಿ ಮಾತ್ರ ಅಚ್ಚೊತ್ತಿದ ಹಾಗೆ ಕೂತ್ಕೊಳ್ತು. (ಅದೇ ಗೈಸ್‌ಬರ್ಗ್ ಅದೇ ವರ್ಷ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಹಾಡು ರೆಕಾರ್ಡ್ ಮಾಡಿದ್ದು, ಆಕೆ ಅರಮನೆ ಗಾಯಕಿಯಾಗಿ 1930ರಲ್ಲಿ ತೀರ್ಕೊಂಡಿದ್ದು ನಮ್ಮ ಮೈಸೂರಲ್ಲಿ! ಇದನ್ನ ಓದಿ ರಾತ್ರಿ ನಿದ್ದೆ ಬರ್ಲಿಲ್ಲ.)

1903ಕ್ಕೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಥಿಯೇಟರ್, ಆಮೇಲೆ ಕೊನೇವರೆಗೂ ಅಲ್ಲಿನ ದೊಡ್ಡ ಸ್ಟಾರ್. 1906ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾತ್ರಿ 'ಕಾರ್ಮೆನ್' ಹಾಡಿ ಮಲಗಿದ್ರೆ ಬೆಳಗಿನ ಜಾವ ಭೂಕಂಪ, ಬದುಕಿ ಬಂದ, ಮತ್ತೆ ಆ ಊರಿನ ಕಡೆ ತಲೆ ಹಾಕ್ಲಿಲ್ಲ. ಊರುಗಳ ಮೇಲೆ ಮುನಿಸ್ಕೊಳ್ಳೋದ್ರಲ್ಲಿ ಪಂಟರ್ ಬಿಡಿ.

ನಂಗೆ ತಲೇಲಿ ಕೂತಿರೋದು 1920ರ ಡಿಸೆಂಬರ್ 11. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮತ್ತೆ ಅದೇ 'ಲೆಲಿಸೀರ್ ದಮೋರೆ'. ಹಾಡ್ತಾ ಹಾಡ್ತಾ ಬಾಯಿಂದ ರಕ್ತ. ಪಕ್ಕದವರು ಒಂದಾದ ಮೇಲೊಂದು ಕರವಸ್ತ್ರ ಕೊಡ್ತಿದಾರೆ, ಇವನು ಒರೆಸ್ಕೋತಾನೆ, ಹಾಡ್ತಾನೆ, ಮತ್ತೆ ಒರೆಸ್ಕೋತಾನೆ, ಹಾಗೇ ಮೊದಲನೇ ಅಂಕ ಮುಗಿಸಿದ. ಶೋ ಅಲ್ಲಿಗೇ ನಿಲ್ಲಿಸಿ ಜನರನ್ನ ಮನೆಗೆ ಕಳಿಸಿದ್ರು.

ಎರಡು ವಾರಕ್ಕೆ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಮೆಟ್ರೊಪಾಲಿಟನ್‌ನಲ್ಲಿ ಕೊನೇ ಸಲ ಹಾಡಿದ. 1921ರ ಆಗಸ್ಟ್ 2ಕ್ಕೆ ತೀರ್ಕೊಂಡ, 48 ವರ್ಷ ಅಷ್ಟೇ, ಅದೂ ನೇಪಲ್ಸ್‌ನಲ್ಲೇ.

ನಾನು ನಲ್ಲಿ ನಿಲ್ಲಿಸಿ ಕೇಳಿದ ಹಾಡೂ ಅದೇ ಒಪೆರಾದ್ದು. ಅದು ಬರೋದು ಎರಡನೇ ಅಂಕದಲ್ಲಿ, ಬ್ರೂಕ್ಲಿನ್‌ನವರಿಗೆ ಆವತ್ತು ಅದು ಸಿಗಲೇ ಇಲ್ಲ.