ಗೆರಿಜ್ಜೀಮ್ ಬೆಟ್ಟದಲ್ಲಿ ಪಸ್ಕ ಹಬ್ಬ

ಹೋಲಿ ಲ್ಯಾಂಡ್ ಟೂರ್ ಅಂದರೆ ಎಲ್ಲರಿಗೂ ಗೊತ್ತಿರುವ ಪಟ್ಟಿಯೊಂದಿದೆ. ಬೇತ್ಲೆಹೇಮಿನ ಗವಿ, ನಜರೇತಿನ ಚರ್ಚು, ಗಲಿಲಾಯ ಸಮುದ್ರದಲ್ಲಿ ದೋಣಿ, ಸತ್ತ ಸಮುದ್ರದಲ್ಲಿ ತೇಲುತ್ತ ಒಂದು ಫೋಟೋ. ನಮ್ಮದು ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಗುಂಪು. ಹೆಚ್ಚಿನವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಕಾಲದ ಕ್ರೈಸ್ತ ಸಭೆಗಳವರು. ನಮ್ಮ ಸಭೆಯ ಪಾಸ್ಟರ್ ಅಯ್ಯನವರು ಹಟ ಮಾಡಿ ಪಟ್ಟಿಗೆ ಇನ್ನೊಂದು ಊರು ಸೇರಿಸಿದ್ದರು: ನಾಬ್ಲುಸ್ ಪಕ್ಕದ ಗೆರಿಜ್ಜೀಮ್ ಬೆಟ್ಟ. ಯೆಹೂದ್ಯರಿಂದ ಹಿಂದೆಯೇ ಬೇರೆಯಾದ, ತಾವೂ ಇಸ್ರಾಯೇಲರ ವಂಶ ಅನ್ನುವ ಸಮಾರ್ಯದವರು ಇವತ್ತಿಗೂ ಅಲ್ಲಿ ಪಸ್ಕದ ಕುರಿ ಕಡಿಯುತ್ತಾರೆ. ಇಸ್ರಾಯೇಲರು ಐಗುಪ್ತದ ಜೀತದಿಂದ ಬಿಡುಗಡೆಯಾದ ರಾತ್ರಿಯ ನೆನಪಿನ ಹಬ್ಬವೇ ಪಸ್ಕ. ನಾವು ಹೋದ ವರ್ಷ ಯೇಸುವಿನ ಮರಣ ನೆನೆಯುವ ನಮ್ಮ ಪವಿತ್ರ ವಾರ, ಯೆಹೂದ್ಯರ ಪಸ್ಕ, ಸಮಾರ್ಯದವರ ಪಸ್ಕ ಮೂರೂ ಬೆನ್ನಿಗೆ ಬೆನ್ನು ಬಂದಿದ್ದವು. ಪ್ರತಿ ವರ್ಷ ಹೀಗಾಗುವುದಿಲ್ಲ, ಮೂವರ ಪಂಚಾಂಗವೂ ಬೇರೆ ಬೇರೆ.

ನಮ್ಮ ಜೊತೆ ಒಬ್ಬ ಅಕ್ಕೋರು ಬಂದಿದ್ದರು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಲಿಂಗಾಯತರು. ಪಕ್ಕದ ಮನೆಯವರು ಹೊರಟಾಗ 'ನಾನೂ ಬರ್ತೀನ್ರಿ, ಒಮ್ಮೆ ನೋಡೂಣು' ಅಂತ ಹೊರಟವರು. ಬೈಬಲ್ ಓದಿರಲಿಲ್ಲ. ಆದರೆ ಇಡೀ ಬಸ್ಸಿನಲ್ಲಿ ಒಳ್ಳೆ ಪ್ರಶ್ನೆ ಕೇಳುತ್ತಿದ್ದವರು ಅವರೊಬ್ಬರೇ.

ಬುಧವಾರ ಯೆರೂಸಲೇಮಿಗೆ ಬಂದಾಗ ಊರಿಗೆ ಊರೇ ಮನೆ ತೊಳೆಯುವ ಗಡಿಬಿಡಿಯಲ್ಲಿತ್ತು. ಕಟ್ಟಾ ಯೆಹೂದ್ಯರ ಕೇರಿ ಮೇಯಾ ಶೆಯಾರಿಮ್ ಕಡೆ ಬೀದಿಯಲ್ಲೇ ದೊಡ್ಡ ಹಂಡೆಗಳಲ್ಲಿ ನೀರು ಕುದಿಯುತ್ತಿತ್ತು. ಜನ ಪಾತ್ರೆ, ಸೌಟು, ಚಮಚ ತಂದು ಅದರಲ್ಲಿ ಅದ್ದಿಸಿಕೊಂಡು ಹೋಗುತ್ತಿದ್ದರು. ವರ್ಷವಿಡೀ ಹುಳಿಹಿಟ್ಟು ಮುಟ್ಟಿದ ಪಾತ್ರೆ ಪಸ್ಕಕ್ಕೆ ನಡೆಯುವುದಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಬಿಸ್ಕತ್ತು, ಪಾಸ್ತಾ ಇರುವ ಕಪಾಟುಗಳಿಗೆ ಬಿಳಿ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಿದ್ದರು. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯ ಆಗ ನೆನಪಾಯಿತು. ಹಳೇ ಹುಳಿಯನ್ನು ತೆಗೆದುಹಾಕಿ, ನಮ್ಮ ಪಸ್ಕದ ಕುರಿಮರಿಯಾದ ಕ್ರಿಸ್ತ ಬಲಿಯಾಗಿದ್ದಾನೆ ಅನ್ನುತ್ತಾನೆ ಅಲ್ಲಿ. ಊರಲ್ಲಿ ಕೇಳುವಾಗ ಅದೊಂದು ಮೆತ್ತನೆಯ ಬುದ್ಧಿಮಾತಿನ ಹಾಗೆ ಕಿವಿಗೆ ಬೀಳುತ್ತಿತ್ತು. ಇಲ್ಲಿ ನಿಂತರೆ ಅದು ಬೈಗುಳ ಅಂತ ಗೊತ್ತಾಗುತ್ತದೆ. ಕುರಿ ಆಗಲೇ ಕಡಿದಾಗಿದೆ, ನೀವಿನ್ನೂ ಮನೆ ಗುಡಿಸಿಲ್ಲವಲ್ಲ ಅಂತ.

ಗುರುವಾರ ಬೆಳಿಗ್ಗೆ ಚೀಯೋನ್ ಬೆಟ್ಟದ ಮೇಲಂತಸ್ತಿನ ಕೋಣೆಗೆ ಹೋದೆವು. ಯೇಸು ಶಿಷ್ಯರ ಜೊತೆ ಕಡೇ ಊಟ ಮಾಡಿದ ಜಾಗ ಅಂತ ನಂಬಿಕೆ. ಈಗಿರುವ ಕಟ್ಟಡ ಮಾತ್ರ ಶಿಲುಬೆ ಯುದ್ಧದವರ ಕಾಲದ್ದು, ಕಮಾನುಗಳನ್ನು ನೋಡಿದರೇ ತಿಳಿಯುತ್ತದೆ. ಕೆಳಗೆ ಯೆಹೂದ್ಯರು ಪ್ರಾರ್ಥಿಸುವ ದಾವೀದನ ಸಮಾಧಿ. ಮೇಲೆ ಗೋಡೆಯಲ್ಲಿ ಮೆಕ್ಕಾದ ದಿಕ್ಕು ತೋರಿಸುವ ಗೂಡು, ಮಿಹ್ರಾಬ್, ಯಾಕೆಂದರೆ ಆಟೊಮನ್ ಕಾಲದಲ್ಲಿ ಇದು ಮಸೀದಿಯಾಗಿತ್ತು. ಮೇಜಿಲ್ಲ, ವೇದಿಕೆಯಿಲ್ಲ, ಬರೀ ಕೋಣೆ. ಒಂದು ಸಣ್ಣ ಕಂಬದ ತಲೆಯ ಮೇಲೆ ಹೆಜ್ಜಾರ್ಲೆ ಹಕ್ಕಿ ಕೆತ್ತಿದ್ದಾರೆ. ಎರಡು ಮರಿಗಳು ತಾಯಿಯ ಎದೆ ಕುಕ್ಕುತ್ತಿವೆ. ಹೆಜ್ಜಾರ್ಲೆ ತನ್ನ ಎದೆಯ ರಕ್ತ ಕೊಟ್ಟು ಮರಿ ಸಾಕುತ್ತದೆ ಅನ್ನುವುದು ಹಳೇ ಕಾಲದ ನಂಬಿಕೆ, ಅದಕ್ಕೇ ಅದು ಕ್ರಿಸ್ತನ ಗುರುತಾಯಿತು. ಅಕ್ಕೋರು ತುಂಬ ಹೊತ್ತು ಅದನ್ನೇ ನೋಡುತ್ತಿದ್ದರು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಈಚೆಗೆ ಕೆಲವು ಸಭೆಗಳಲ್ಲಿ ಪವಿತ್ರ ಗುರುವಾರ ಯೆಹೂದ್ಯರ ಸೇದೆರ್, ಅಂದರೆ ಪಸ್ಕದ ರಾತ್ರಿಯ ಊಟವನ್ನೇ ನಾವೂ ಮಾಡೋಣ, ಯೇಸು ಮಾಡಿದ್ದು ಇದನ್ನೇ ಅಲ್ವಾ ಅನ್ನುತ್ತಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಈಗಿನ ಸೇದೆರ್ ಕ್ರಮ ರೂಪ ಪಡೆದಿದ್ದು ಕ್ರಿಸ್ತಶಕ 70ರಲ್ಲಿ ದೇವಾಲಯ ಬಿದ್ದ ಮೇಲೆ, ಕುರಿ ಅರ್ಪಿಸಲು ಜಾಗವೇ ಇಲ್ಲದಾದಾಗ. ಅದು ಅವರ ಹಬ್ಬ. ಪವಿತ್ರ ವಾರದಲ್ಲಿ ಯುರೋಪಿನ ಕ್ರೈಸ್ತರು ಯೆಹೂದ್ಯರ ಬೀದಿಗಳಿಗೆ ನುಗ್ಗಿ ಹೊಡೆದ ಚರಿತ್ರೆ ಗೊತ್ತಿದ್ದವರು ಅವರ ತಟ್ಟೆಗೆ ಕೈ ಹಾಕುವ ಮೊದಲು ಸ್ವಲ್ಪ ಯೋಚಿಸಬೇಕು.

ಅದಕ್ಕಿಂತ ಕೇರಳದ ಸಿರಿಯನ್ ಕ್ರೈಸ್ತರ ಪೆಸಹಾ ಅಪ್ಪ ನನಗೆ ಇಷ್ಟ. ಬೆಂಗಳೂರಲ್ಲಿದ್ದಾಗ ಮಲಯಾಳಿ ಸಹೋದ್ಯೋಗಿಯ ಮನೆಯಲ್ಲಿ ನೋಡಿದ್ದೆ. ಅಕ್ಕಿ, ಉದ್ದಿನ ಹಿಟ್ಟನ್ನು ಹುಳಿ ಬರಿಸದೆ ಬೇಯಿಸಿ, ಮೇಲೆ ಗರಿಗಳ ಭಾನುವಾರ ತಂದ ಗರಿಯಿಂದ ಶಿಲುಬೆ ಇಡುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಮಾಡಿ, ತುಂಡು ಮಾಡಿ, ತೆಂಗಿನ ಹಾಲು ಬೆಲ್ಲದ ಪಾಯಸದ ಜೊತೆ ಒಬ್ಬೊಬ್ಬರಿಗೇ ಕೊಡುತ್ತಾರೆ. ಚರ್ಚಿನಲ್ಲಲ್ಲ, ಮನೆಯಲ್ಲಿ. ಐಗುಪ್ತದ ಬಿಡುಗಡೆಯ ಕಥೆ ಹೇಳುವ ಬೈಬಲಿನ ವಿಮೋಚನಕಾಂಡದ ಪಸ್ಕವೂ ಮನೆಯದೇ.

ಮಧ್ಯಾಹ್ನ ಬಸ್ಸು ಉತ್ತರಕ್ಕೆ ಹೊರಟಿತು. ಚೆಕ್‌ಪೋಸ್ಟ್, ಕಾಯುವಿಕೆ, ಮತ್ತೆ ಚೆಕ್‌ಪೋಸ್ಟ್. ನಾಬ್ಲುಸಿನಲ್ಲಿ ಯಾಕೋಬನ ಬಾವಿ ನೋಡಿದೆವು. ಗ್ರೀಕ್ ಆರ್ಥೊಡಾಕ್ಸ್ ಚರ್ಚಿನ ನೆಲಮಾಳಿಗೆಯಲ್ಲಿದೆ, ನೀರು ತಣ್ಣಗಿದೆ. ಯೋಹಾನನ ಸುವಾರ್ತೆಯ 4ನೇ ಅಧ್ಯಾಯದ ಸಮಾರ್ಯದ ಹೆಂಗಸು ಯೇಸುವಿನ ಜೊತೆ ವಾದ ಮಾಡಿದ್ದು ಇಲ್ಲೇ. 'ನಮ್ಮ ಹಿರಿಯರು ಈ ಬೆಟ್ಟದಲ್ಲಿ ಆರಾಧಿಸುತ್ತಿದ್ದರು' ಅಂತ ಅವಳು ತೋರಿಸಿದ ಬೆಟ್ಟವೇ ಗೆರಿಜ್ಜೀಮ್, ತಲೆ ಎತ್ತಿದರೆ ಕಾಣುತ್ತದೆ. 881 ಮೀಟರ್ ಎತ್ತರ. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ, ನೀರಿನ ಪಾತ್ರೆಯನ್ನೂ ಹಂಚಿಕೊಳ್ಳುತ್ತಿರಲಿಲ್ಲ. ಇದನ್ನು ಅಯ್ಯನವರು ಹೇಳಿದಾಗ ಅಕ್ಕೋರು 'ಹಂಗಾರ ನಮ್ಮೂರಿನ ಕಥೀನೇ ಬಿಡ್ರಿ' ಅಂದರು.

ಸಮಾರ್ಯದವರು ಈಗ ಉಳಿದಿರುವುದು ಸಾವಿರಕ್ಕಿಂತ ಕಡಿಮೆ ಮಂದಿ. ಅರ್ಧ ಜನ ಟೆಲ್ ಅವೀವ್ ಹತ್ತಿರದ ಹೊಲೊನ್‌ನಲ್ಲಿದ್ದಾರೆ, ಇನ್ನರ್ಧ ಈ ಬೆಟ್ಟದ ಮೇಲಿನ ಕಿರ್ಯತ್ ಲೂಜಾದಲ್ಲಿ. ಮೋಶೆಯ ಐದು ಪುಸ್ತಕ ಬಿಟ್ಟರೆ ಬೇರೆ ಗ್ರಂಥ ಒಪ್ಪುವುದಿಲ್ಲ. ಹಬ್ಬಕ್ಕೆ ಎಲ್ಲರೂ ಬೆಟ್ಟ ಹತ್ತುತ್ತಾರೆ. ನಾವು ತಲುಪಿದಾಗ ಊರ ಮಧ್ಯದ ಅಂಗಳಕ್ಕೆ ಬೇಲಿ ಹಾಕಿ, ಬಂದವರನ್ನೆಲ್ಲ ಆಚೆ ನಿಲ್ಲಿಸಿದ್ದರು. ಒಳಗೆ ಬಿಳಿ ಬಟ್ಟೆ ತೊಟ್ಟ ಗಂಡಸರು, ಹುಡುಗರು. ಉದ್ದಕ್ಕೆ ತೋಡಿದ ಕಾಲುವೆ. ಆಚೆ ನೆಲದೊಳಗೆ ಆಳವಾದ ಒಲೆಗುಂಡಿಗಳು, ಒಳಗಿಂದ ಬೆಂಕಿ ಧಗಧಗ ಅನ್ನುತ್ತಿತ್ತು. ಕುರಿಗಳು ಸುಮ್ನೆ ನಿಂತಿದ್ದವು. ಒಬ್ಬ ಹುಡುಗ ಒಂದರ ಕಿವಿ ನೀವುತ್ತಿದ್ದ.

ಸೂರ್ಯ ಇಳಿಯುತ್ತಿದ್ದಂತೆ ಯಾಜಕರು ವಿಮೋಚನಕಾಂಡದ 12ನೇ ಅಧ್ಯಾಯ ಹಾಡಿನ ಹಾಗೆ ಓದತೊಡಗಿದರು. ಇಡೀ ಸಭೆಯವರು ಸಾಯಂಕಾಲದಲ್ಲಿ ಅದನ್ನು ಕೊಯ್ಯಬೇಕು ಅನ್ನುವ ಮಾತು ಬಂತು ನೋಡಿ, ಆಗಲೇ ಎಲ್ಲ ಕತ್ತಿಗಳೂ ಒಟ್ಟಿಗೆ ಆಡಿದವು. ನಾನು ಅಳು, ಗಾಂಭೀರ್ಯ ಅಂತೆಲ್ಲ ಅಂದುಕೊಂಡಿದ್ದೆ. ಆಗಿದ್ದು ಕೇಕೆ. ಅಪ್ಪಿಕೊಂಡರು, ಮುದ್ದಿಟ್ಟರು, ಚಪ್ಪಾಳೆ ತಟ್ಟಿದರು. ಬೆರಳಿಂದ ರಕ್ತ ತೆಗೆದು ಮಕ್ಕಳ ಹಣೆಗೆ ಹಚ್ಚಿದರು. ಬಿಳಿ ಬಟ್ಟೆಯೆಲ್ಲ ಕೆಂಪು. ಅಕ್ಕೋರು ಮುಖ ತಿರುಗಿಸಿ ನಿಂತಿದ್ದರು. 'ಕುರಿ ಕಡಿಯೂದು ನೋಡಾಕ ಇಷ್ಟು ದೂರ ಬರಬೇಕಿತ್ತೇನ್ರಿ?'

ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಒಂದು ವಿಷಯ ಸ್ಪಷ್ಟವಾಗುತ್ತ ಬಂತು. ಪಸ್ಕದ ಕುರಿಮರಿ ಅಂದ ಕೂಡಲೇ ನಾವು ಪಾಪಕ್ಕೆ ಬಲಿ ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ವಿಮೋಚನಕಾಂಡದ ಆ ಅಧ್ಯಾಯದಲ್ಲಿ ಪಾಪದ ಮಾತೇ ಇಲ್ಲ. ಪಾಪ ಹೊತ್ತುಕೊಳ್ಳುವ ಪ್ರಾಣಿ ಯಾಜಕಕಾಂಡದ 16ನೇ ಅಧ್ಯಾಯದ ಹೋತ. ಪಸ್ಕದ್ದು ಜೀತದಿಂದ ಬಿಡುಗಡೆಯ ಕುರಿ. ಸಾವು ಆ ಮನೆಯನ್ನು ದಾಟಿಹೋಗಲಿ ಅಂತ ಅದರ ರಕ್ತವನ್ನು ಹಿಸ್ಸೋಪು ಅನ್ನುವ ಗಿಡದ ಕಟ್ಟಿನಿಂದ ಬಾಗಿಲ ಚೌಕಟ್ಟಿಗೆ ಹಚ್ಚುತ್ತಾರೆ, ಮಾಂಸವನ್ನು ನಡು ಕಟ್ಟಿಕೊಂಡು, ಕೆರ ಮೆಟ್ಟಿಕೊಂಡು, ಕೋಲು ಹಿಡಿದು ತಿನ್ನುತ್ತಾರೆ. ಊಟವಾದ ಮೇಲೆ ಹೊರಡಬೇಕು. ಯೋಹಾನ ತನ್ನ ಸುವಾರ್ತೆಯಲ್ಲಿ ಎರಡನ್ನೂ ಒಂದು ಮಾಡುತ್ತಾನೆ. ಮೊದಲ ಅಧ್ಯಾಯದಲ್ಲೇ ಲೋಕದ ಪಾಪ ಹೊತ್ತುಕೊಂಡು ಹೋಗುವ ದೇವರ ಕುರಿಮರಿ ಬರುತ್ತದೆ. 19ರಲ್ಲಿ ಪಸ್ಕಕ್ಕೆ ಸಿದ್ಧಮಾಡುವ ದಿನವೇ ಶಿಲುಬೆ, ಹಿಸ್ಸೋಪಿನ ಕೋಲು, ಮುರಿಯದ ಎಲುಬು. ಪಾಪದ ಕ್ಷಮೆ ಅಂದರೆ ಜೀತ ಬಿಟ್ಟು ಹೊರಡುವುದು ಅಂತ ಅವನ ಲೆಕ್ಕ. ನಾವು ಕ್ಷಮೆ ಇಟ್ಟುಕೊಂಡು ಹೊರಡುವುದನ್ನು ಮರೆತಿದ್ದೇವೆ ಅನ್ನಿಸಿತು.

ಕುರಿಗಳನ್ನು ಸುಲಿದು, ಉಪ್ಪು ಹಚ್ಚಿ, ಉದ್ದನೆಯ ಮರದ ಕೋಲಿಗೆ ಇಡಿಯಾಗಿ ಸಿಕ್ಕಿಸಿ ಗುಂಡಿಗೆ ಇಳಿಸಿದರು. ಮೇಲೆ ಜಾಲರಿ, ಸೊಪ್ಪು ಮುಚ್ಚಿ, ಹಸಿ ಮಣ್ಣು ಮೆತ್ತಿದರು. ಎಲುಬು ಮುರಿಯಬಾರದು ಅನ್ನುವುದಕ್ಕೆ ಎಷ್ಟು ಜತನ! ಒಬ್ಬ ಮುದುಕ ಪ್ರತಿ ಕುರಿಯನ್ನೂ ತಿರುಗಿಸಿ ನೋಡಿಯೇ ಬಿಡುತ್ತಿದ್ದ. ಆಮೇಲೆ ಬಹಳ ಹೊತ್ತು ಏನೂ ನಡೆಯಲಿಲ್ಲ. ಬೆಟ್ಟದ ಮೇಲೆ ಚಳಿ. ಪಸ್ಕ ಯಾವಾಗಲೂ ಹುಣ್ಣಿಮೆಯ ಹೊತ್ತಿಗೇ ಬರುವುದರಿಂದ ಬೆಳದಿಂಗಳು ಚೆನ್ನಾಗಿತ್ತು. ಗೆತ್ಸೇಮನೆ ತೋಟಕ್ಕೆ ಯೇಸುವನ್ನು ಹಿಡಿಯಲು ಬಂದವರು ಇಂಥ ಬೆಳಕಿನಲ್ಲೂ ಪಂಜು, ದೀಪ ಹಿಡಿದು ಬಂದಿದ್ದರಲ್ಲ ಅಂತ ಒಬ್ಬರು ಅಂದರು.

ನಡುರಾತ್ರಿ ಹೊತ್ತಿಗೆ ಗುಂಡಿ ತೆರೆದರು. ಆ ವಾಸನೆ! ಮಧ್ಯಾಹ್ನದಿಂದ ಸರಿಯಾಗಿ ತಿಂದಿರಲಿಲ್ಲ, ಬಾಯಲ್ಲಿ ನೀರೂರಿತು. ಅವರು ತಟ್ಟೆಗಳಲ್ಲಿ ಹೊತ್ತೊಯ್ದು, ಹುಳಿಯಿಲ್ಲದ ರೊಟ್ಟಿ, ಕಹಿ ಸೊಪ್ಪಿನ ಜೊತೆ ಗಡಿಬಿಡಿಯಲ್ಲಿ ತಿಂದರು. ನಮಗೆ ಒಂದು ತುಂಡೂ ಇಲ್ಲ. ಕೇಳುವ ಹಾಗೂ ಇಲ್ಲ. ಹೊರಗಿನವನು ಅದನ್ನು ಊಟಮಾಡಬಾರದು ಅಂತ ಅದೇ 12ನೇ ಅಧ್ಯಾಯದಲ್ಲಿ ಬರೆದಿದೆ. ಉಳಿದದ್ದನ್ನು ಬೆಳಗಾಗುವ ಮೊದಲು ಸುಟ್ಟುಹಾಕುತ್ತಾರೆ, ಕೊಡುವುದಿಲ್ಲ.

ಇಷ್ಟು ವರ್ಷ ಈ ಕಥೆ ಓದುವಾಗ ನಾನು ಯಾವಾಗಲೂ ರಕ್ತ ಹಚ್ಚಿದ ಬಾಗಿಲ ಒಳಗೇ ಕೂತಿರುತ್ತಿದ್ದೆ. ಬೇಲಿ ಆಚೆ ನಿಂತ ಮೇಲೆ ತಿಳಿಯಿತು, ಧಾರವಾಡದವಳಾದ ನನಗೆ ಆ ಮನೆಯಲ್ಲಿ ಜಾಗವೇ ಇರಲಿಲ್ಲ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. ನಮ್ಮ ಹಿರಿಯರು ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ಕಡೇ ಊಟ ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದಕ್ಕೆ, ಕೂತಾಗ ಎಲ್ಲ ಜಾತಿಯವರೂ ಒಂದೇ ರೊಟ್ಟಿ, ಒಂದೇ ಪಾತ್ರೆ ಅನ್ನುವುದೇ ದೊಡ್ಡ ಜಗಳವಾಗಿತ್ತು ಅಂತ ಅಜ್ಜಿ ಹೇಳುತ್ತಿದ್ದಳು. ಯೇಸು ಆ ರಾತ್ರಿ ಕುರಿಯನ್ನು ತೋರಿಸಿ 'ಇದು ನನ್ನ ದೇಹ' ಅನ್ನಲಿಲ್ಲ. ರೊಟ್ಟಿ ತೆಗೆದುಕೊಂಡ. ಕುರಿಗೆ ಬೆಟ್ಟ ಬೇಕು, ಯಾಜಕ ಬೇಕು, ವಂಶ ಬೇಕು. ರೊಟ್ಟಿ ಗದಗಿನಲ್ಲೂ ಸಿಗುತ್ತದೆ. ಪಸ್ಕ ನನಗೆ ಏನು ಅಂತ ಕೇಳಿದರೆ ಇನ್ನು ಮುಂದೆ ಇದನ್ನೇ ಮೊದಲು ಹೇಳುತ್ತೇನೆ: ಹೊರಗಿದ್ದವರನ್ನು ಊಟಕ್ಕೆ ಕೂರಿಸಿದ್ದು.

ಶುಭ ಶುಕ್ರವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಿಗ್ಗೆ ಬೀದಿ ಮೂಲೆಗಳಲ್ಲಿ ಯೆಹೂದ್ಯರು ಮನೆಯಲ್ಲಿ ಉಳಿದ ಹುಳಿ ರೊಟ್ಟಿ ಸುಡುತ್ತಿದ್ದರು, ಹೊಗೆ ತುಂಬಿತ್ತು. ಯೇಸು ಶಿಲುಬೆ ಹೊತ್ತು ನಡೆದ ದಾರಿ ಅನ್ನುವ ವಿಯಾ ಡೊಲೊರೊಸಾದಲ್ಲಿ ನೂಕುನುಗ್ಗಲು. ಅವನನ್ನು ಶಿಲುಬೆಗೆ ಹಾಕಿದ ಜಾಗ ಅನ್ನುವ ಗೊಲ್ಗೊಥಾದ ಕಡಿದಾದ ಮೆಟ್ಟಿಲು ಹತ್ತಿ, ಒಂದು ಕ್ಷಣ ಬಗ್ಗಿ, ಹಿಂದಿನವರು ತಳ್ಳಿದರು ಅಂತ ಇಳಿದೆವು.

ಶನಿವಾರ ದಮಸ್ಕ ಬಾಗಿಲ ಹತ್ತಿರ, ಯೇಸುವನ್ನು ಹೂಳಿದ್ದು ಇಲ್ಲೇ ಅಂತ ಕೆಲವರು ನಂಬುವ ತೋಟದ ಸಮಾಧಿಯಲ್ಲಿ ನಮ್ಮ ಗುಂಪಿಗೆ ಕರ್ತನ ಭೋಜನ. ಹೋಟೆಲಿನಲ್ಲಿ ಕೊಟ್ಟ ಹುಳಿಯಿಲ್ಲದ ರೊಟ್ಟಿಯನ್ನೇ ಅಯ್ಯನವರು ತಂದಿದ್ದರು, ಮುರಿದರೆ ಪಟಪಟ ಸದ್ದು. ಆಲಿವ್ ಮರದ ಪುಟ್ಟ ಲೋಟಗಳಲ್ಲಿ ದ್ರಾಕ್ಷಾರಸ. ಎಲ್ಲರೂ ಎದ್ದಾಗ ಅಕ್ಕೋರು ಬೆಂಚಿನ ಮೇಲೇ ಇದ್ದರು.

'ನಾನೂ ತಗೋಬಹುದೇನ್ರಿ ಅಯ್ಯನವರ?'

ಅಯ್ಯನವರು ಸ್ವಲ್ಪ ತಡೆದು, 'ಇದು ದೀಕ್ಷಾಸ್ನಾನ ಆದವರಿಗ್ರಿ ಅಕ್ಕೋರ. ನಿಮಗಾಗಿ ಪ್ರಾರ್ಥನೆ ಮಾಡ್ತೀನಿ' ಅಂದರು.

'ಇರ್ಲಿ ಬಿಡ್ರಿ. ಮೊನ್ನೆ ರಾತ್ರಿ ನಾವೆಲ್ಲಾರೂ ಬೇಲಿ ಆಚಿಗೆ ನಿಂತಿದ್ವಿ. ಇವತ್ತು ನಾ ಒಬ್ಬಾಕಿ' ಅಂದರು, ಸಿಟ್ಟಿಲ್ಲದೆ.

ಬಸ್ಸಿನಲ್ಲಿ ಇದೇ ಚರ್ಚೆ. ಸಭೆಯ ಶಿಸ್ತು ಬಿಡಬಾರದು, ವಿಮೋಚನಕಾಂಡದ ಅದೇ 12ನೇ ಅಧ್ಯಾಯದ ಕೊನೆಯಲ್ಲಿ ಹೊರಗಿನವನು ಸುನ್ನತಿ ಮಾಡಿಸಿಕೊಂಡು ಸೇರಿದರೆ ಉಣ್ಣಬಹುದು ಅಂತಿದೆ, ಬಾಗಿಲು ತೆರೆದೇ ಇದೆ, ಆದರೆ ಬಾಗಿಲಿಂದಲೇ ಬರಬೇಕು ಅಂತ ಕೆಲವರು. ಐಗುಪ್ತದಿಂದ ಇಸ್ರಾಯೇಲರ ಜೊತೆ ಬೇರೆ ಜನರೂ ಗುಂಪಾಗಿ ಹೊರಟರು, ಅವರನ್ನು ಯಾರೂ ತಡೆಯಲಿಲ್ಲ ಅಂತ ನಾನು. ಅಯ್ಯನವರು ಎರಡೂ ಕಡೆಯ ವಚನ ತೆಗೆದು ತೋರಿಸಿದರು, ತಮ್ಮ ಅಭಿಪ್ರಾಯ ಮಾತ್ರ ಹೇಳಲಿಲ್ಲ. ಅಕ್ಕೋರು ಅವರ ಕೈಯಿಂದ ಬೈಬಲ್ ಇಸಿದುಕೊಂಡು, 'ಈ 12ನೇ ಅಧ್ಯಾಯ ಎಲ್ಲೈತ್ರಿ, ನಾನೂ ಒಮ್ಮೆ ಓದ್ತೀನಿ' ಅಂತ ಕನ್ನಡಕ ಹಾಕಿಕೊಂಡರು.